‘ನಾನು ಕ್ಷೇಮ’ ಎಂದು ಬರೆದ ಪುಟ

ಕರಿಹಲಗೆಯ ಕಡೆ ತಿರುಗಿ ಕೆಮ್ಮಿದೆ. ಕರವಸ್ತ್ರದಲ್ಲಿ ರಕ್ತವಿತ್ತು. ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡು ಪಾಠ ಮುಗಿಸಿದೆ.

ಹಾಸನದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು.

ಟಿ.ಬಿ.

“ಈಗ ಇದು ವಾಸಿಯಾಗೋ ಕಾಯಿಲೆ ಮೇಷ್ಟ್ರೇ,” ಎಂದರು ಡಾಕ್ಟರು. “ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಇದೆ, ಮಾತ್ರೆ ಇದೆ. ತೀರಾ ತಡ ಮಾಡಿ ಬಂದವರಿಗೆ ಮಾತ್ರ ಕಷ್ಟ.”

ನಾನು ಹೊಳೆನರಸೀಪುರದ ಹೈಸ್ಕೂಲಿನ ಹೆಡ್‌ಮಾಸ್ಟರು. ಹಳ್ಳಿಮೈಸೂರಿನ ಕಡೆಯ ನಮ್ಮೂರಿನಲ್ಲಿ ಬಿ.ಎ. ಮಾಡಿದ ಮೊದಲಿಗ. ಹೇಳಿಕೊಳ್ಳಲು ಸಂಕೋಚವಿಲ್ಲ. ಮೈಸೂರಿನ ಹಾಸ್ಟೆಲ್ಲಿನಲ್ಲಿ ಒಂದೇ ಕೋಟನ್ನು ಮೂವರು ಸರದಿಯ ಮೇಲೆ ತೊಟ್ಟು ಪಡೆದ ಡಿಗ್ರಿ ಅದು. ಉಳಿದಿಬ್ಬರು ಅರಕಲಗೂಡಿನಲ್ಲಿ ವಕೀಲನಾದ ರಾಮೇಗೌಡ, ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟ ಪದ್ಮರಾಜ.

ಕಾಲೇಜು ಬಿಟ್ಟು ಇಪ್ಪತ್ತು ವರ್ಷವಾದರೂ ನಮ್ಮ ನಡುವೆ ಒಂದು ನೋಟ್‌ಬುಕ್ಕು ಸುತ್ತುತ್ತಿತ್ತು. ಒಂದು ಪುಟ ಬರೆದು ಅಂಚೆಯಲ್ಲಿ ಮುಂದಿನವನಿಗೆ ಕಳಿಸಬೇಕು. ನಾನು ರಾಮೇಗೌಡನಿಗೆ, ಅವನು ಪದ್ಮರಾಜನಿಗೆ, ಪದ್ಮರಾಜ ನನಗೆ. ಬಡ್ತಿ, ಗೆದ್ದ ಕೇಸು, ಮಕ್ಕಳ ಓದು ಎಲ್ಲ ಬರೆಯುತ್ತಿದ್ದೆವು. ಸೋತದ್ದನ್ನು ಬರೆಯುವ ರೂಢಿ ಇರಲಿಲ್ಲ. ಓದಿ ಕೆಟ್ಟ ಎನ್ನಲು ಊರೇ ಕಾದು ಕೂತಿದ್ದ ಕಾಲದಲ್ಲಿ ಓದಿದವರು ನಾವು. ಚೆನ್ನಾಗಿದ್ದೇವೆ ಎನ್ನುವುದು ಚಟವೇ ಆಗಿಬಿಟ್ಟಿತ್ತು.

ಒಂದು ತಿಂಗಳು ವಾರ್ಡಿನಲ್ಲಿದ್ದು ಮನೆಗೆ ಬಂದೆ. ಕೆಮ್ಮು ತಗ್ಗಿತ್ತು. ಆಗ ನೋಟ್‌ಬುಕ್ಕು ಬಂತು.

“ಇದ್ದುದ್ದು ಇದ್ದಂಗೆ ಬರೀರಿ,” ಎಂದಳು ಹೆಂಡತಿ ಸಾಕಮ್ಮ. “ಸ್ನೇಯಿತ್ರ ತಾವ್ಲೂ ಬಿಗುಮಾನವಾ?”

‘ನಾನು ಕ್ಷೇಮ. ಶಾಲೆಯ ರಿಸಲ್ಟು ಚೆನ್ನಾಗಿದೆ’ ಎಂದು ಬರೆದು ಅರಕಲಗೂಡಿಗೆ ಕಳಿಸಿದೆ.

ಮೂರು ತಿಂಗಳ ಮೇಲೆ ಪದ್ಮರಾಜ ಬಾಗಿಲಲ್ಲಿ ನಿಂತಿದ್ದ. ನೋಟ್‌ಬುಕ್ಕು ಯಾಕೆ ಬರಲಿಲ್ಲವೆಂದು ಅರಕಲಗೂಡಿಗೆ ಹುಡುಕಿಕೊಂಡು ಹೋಗಿ, ಅಲ್ಲಿಂದ ನೇರ ಬಂದಿದ್ದ.

“ರಾಮ ಹೋಗ್ಬುಟ್ಟ ಕಣ್ಲಾ ಬೋರ. ಹದಿನೈದು ದಿನ ಆಯ್ತಂತೆ. ಟಿ.ಬಿ. ವರ್ಷದಿಂದ ಉಬ್ಬಸ ಅಂತ ಎಲ್ರ ಬಾಯಿ ಮುಚ್ಚಿಸಿದ್ದ.” ಆಮೇಲೆ ನನ್ನನ್ನು ಸರಿಯಾಗಿ ನೋಡಿದ. “ನೀನ್ಯಾಕ್ಲಾ ಹಿಂಗೆ ಇಳ್ದೋಗಿದೀಯ?”

ಹೇಳಿದೆ. ಅವನು ಚೀಲದಿಂದ ನೋಟ್‌ಬುಕ್ಕು ತೆಗೆದು ನನ್ನ ಮುಂದಿಟ್ಟ. ನನ್ನ ಪುಟದ ಎದುರು ರಾಮೇಗೌಡನ ಅಕ್ಷರ.

‘ನಾನೂ ಕ್ಷೇಮ.’

ಮೈಯಲ್ಲಿ ಶಕ್ತಿ ಬಂದ ಮೇಲೆ ಅರಕಲಗೂಡಿಗೆ ಹೋದೆ. ರಾಮೇಗೌಡನ ಹೆಂಡತಿ ಪುಟ್ಟಮ್ಮನ ಎದುರು ಎಲ್ಲ ಒಪ್ಪಿಕೊಂಡೆ. ಆಕೆ ಅಳಲಿಲ್ಲ.

“ನಿಮ್ಮ ಪುಟ ನಂಗೂ ಓದಿ ಹೇಳಿದ್ರು ಅಣ್ಣ. ‘ಬೋರ ಗುಂಡ್ಕಲ್ಲಂಗೆ ಅವ್ನೆ. ನಾನು ಎದೆ ಕಾಯ್ಲೆ ಅಂತ ಹೆಂಗ್ ಬರೀಲಿ’ ಅಂದ್ರು. ಆಸ್ಪತ್ರೆಗೆ ಓಗಾನ ಅಂದ್ರೆ ಬರ್ನಿಲ್ಲ. ಬಂದ ಕಾಯ್ಲೆ ಓಗಲ್ಲ ಅಂತಿದ್ರು.”

ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ನನ್ನ ಪುಟ ಓದಿದಾಗಲೇ ಆಸ್ಪತ್ರೆಗೆ ಬಂದಿದ್ದರೂ ಅವನು ಉಳಿಯುತ್ತಿದ್ದನೋ ಇಲ್ಲವೋ, ಹಾಸನದ ಡಾಕ್ಟರು ಖಚಿತವಾಗಿ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಕೇಳಿದ್ದರೆ ನನ್ನ ಸಮಾಧಾನಕ್ಕೆ ಕೇಳಿದಂತಾಗುತ್ತಿತ್ತು.

ಒಂದು ಕೆಲಸ ಉಳಿದಿತ್ತು. ಪುಟ್ಟಮ್ಮನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಹಾಸನಕ್ಕೆ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆಯುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಹೆದರಿದಷ್ಟು ನನ್ನದೇ ಫಿಲ್ಮಿಗೆ ಕಾದಾಗ ಹೆದರಿರಲಿಲ್ಲ.

ಮೂವರದ್ದೂ ಚೆನ್ನಾಗಿತ್ತು. ಆರು ತಿಂಗಳಿಗೆ ಇನ್ನೊಮ್ಮೆ ತೋರಿಸಿ ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಹತ್ತಿಸಿ ಪುಟ್ಟಮ್ಮ ಕಿಟಕಿಯ ಪಕ್ಕ ಕೂತರು.

“ಆರ್ ತಿಂಗ್ಳಿಗೆ ನಾನೇ ಕಾಗದ ಹಾಕ್ತೀನಿ ಅಮ್ಮ,” ಎಂದೆ.

“ಕಾಗದ ಬ್ಯಾಡಿ ಅಣ್ಣ,” ಎಂದರು. “ನೀವೇ ಬನ್ನಿ. ಹೆಂಗಿದೀರಾ ಅಂತ ನಾನೇ ಕಣ್ಣಲ್ಲಿ ನೋಡ್ತೀನಿ.”