ರವದಿಯ ಬೆಂಕಿಗೆ ಸಮುದ್ರದ ಸಾಕ್ಷಿ

ಹೋದ ವಾರ ನಾನು ಹಚ್ಚಿದ ಬೆಂಕಿ ಪಕ್ಕದ ಹೊಲದ ಶೋಭಕ್ಕನ ಮೇವಿನ ಬಣವೆಯನ್ನು ನುಂಗಿತು. ಹಚ್ಚುವ ಮೊದಲು ಒಂದು ಲೆಕ್ಚರ್ ಬೇರೆ ಕೊಟ್ಟಿದ್ದೆ. ಯಾವುದರ ಮೇಲೆ? ಸಮುದ್ರದ ಮೇಲೆ! (ನಮ್ಮೂರು ಜುಗೂಳದಿಂದ ಸಮುದ್ರ ಎಷ್ಟು ದೂರ ಎಂದು ಕೇಳಬೇಡಿ.)

ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣ ಗರಿ ಉಳಿಯುತ್ತದೆ. ನಮ್ಮ ಕಡೆ ಅದಕ್ಕೆ ರವದಿ ಎನ್ನುತ್ತೇವೆ. ಕಡ್ಡಿ ಗೀರಿದರೆ ಕೆಲಸ ಸಲೀಸು, ಕಡಿದ ಬುಡದ ಕುಳೆಯೂ ಬೇಗ ಚಿಗುರುತ್ತದೆ ಎಂಬ ನಂಬಿಕೆ. ನಾನೂ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದೆ. ಬದುವಿನ ಮೇಲೆ ನಾಲ್ಕಾರು ಜನ ಹರಟುತ್ತಿದ್ದರು. ಎಮ್ಮೆಗಳನ್ನೇ ನಂಬಿ ಸಂಸಾರ ನಡೆಸುವ ಶೋಭಕ್ಕ ಓಡಿ ಬಂದಳು.

“ಬ್ಯಾಡ್ರಿ ಅಣ್ಣಾರ. ಇಂಥಾ ಹೊಗಿಯಿಂದನ ಬಿಸಲ ವರ್ಷಾ ವರ್ಷಾ ಏರಾಕತ್ತೈತಿ. ನನ್ನ ಬಣವಿನೂ ಬಾಜೂಕ ಐತ್ರಿ.”

ಹಳೆಯ ಹವಾಮಾನದ ಬಗ್ಗೆ ಈ ಅಂಕಣಕ್ಕೆಂದು ಆಗಷ್ಟೇ ಓದಿಕೊಂಡಿದ್ದೆ. ಬಾಯಿ ತಡೆಯಬೇಕಲ್ಲ?

“ಶೋಭಕ್ಕಾ, ಸವಾ ಲಕ್ಷ ವರ್ಷದ ಹಿಂದನೂ ಭೂಮಿ ಬೆಚ್ಚಗಿತ್ತು. ಎರಡ ಹಿಮಯುಗದ ನಡುವಿನ ಕಾಲ ಅದು. ಸಮುದ್ರದ ನೀರ ಶಾಖ ಹೊತಗೊಂಡ ಧ್ರುವದತನಕ ಹೋಗಿತ್ತು. ಆವಾಗ ಯಾರಬೇ ರವದಿ ಸುಟ್ಟಾವರು?”

“ಸಮುದ್ರಕ್ಕ ಹೋಗಿ ಬೈದ ಬಾ ಶೋಭಕ್ಕಾ!” ಎಂದ ಬದುವಿನ ಮೇಲಿದ್ದವನೊಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಶೋಭಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹಿಂದೆ ಸರಿದಳು. ನಾನು ಕಡ್ಡಿ ಗೀರಿದೆ.

ಹೇಳಿದ್ದು ಸುಳ್ಳೇ? ಅಲ್ಲ. ಅರ್ಧ!

ಉಳಿದರ್ಧವನ್ನೂ ಓದಿದ್ದೆ. ಸಮುದ್ರ ಶಾಖವನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯದನ್ನು ಇನ್ನೊಂದು ಕಡೆಗೆ ಸಾಗಿಸುತ್ತದೆ. ಆಗ ಭೂಮಿಯ ವಾಲಿಕೆ, ಸೂರ್ಯನನ್ನು ಸುತ್ತುವ ದಾರಿ ತುಸು ಬೇರೆಯಾಗಿ ಬಿಸಿಲು ಬೀಳುವ ರೀತಿಯೇ ಬದಲಾಗಿತ್ತು. ಅದಕ್ಕೆ ಸಾವಿರಾರು ವರ್ಷ ಹಿಡಿದಿತ್ತು. ಅಷ್ಟು ನಿಧಾನವಾಗಿ ಬಂದ ಸೆಕೆಗೂ ಹಿಮ ಕರಗಿ ಕಡಲು ಏರಿತ್ತು. ಈಗಿನ ಸೆಕೆಯೋ ನಮ್ಮದೇ ಹೊಗೆಯಿಂದ ನೂರಿನ್ನೂರು ವರ್ಷದಲ್ಲೇ ಏರುತ್ತಿದೆ. ಇದನ್ನೇಕೆ ಹೇಳಲಿಲ್ಲ? ಹೇಳಿದ್ದರೆ ಶೋಭಕ್ಕನೇ ಗೆಲ್ಲುತ್ತಿದ್ದಳು ನೋಡಿ!

ಗಾಳಿ ತಿರುಗಿತು. ಕೊಡ, ಬಕೆಟ್, ಪಂಪ್‌ಸೆಟ್ ಎಲ್ಲ ಬಂದರೂ ಬಣವೆ ಬೂದಿಯಾಯಿತು. ಎಮ್ಮೆಗಳು ಗೂಟದಲ್ಲೇ ಒದರುತ್ತಿದ್ದವು. ಛೆ! ಅಂಥ ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಅವಳ ಕಡೆ ತಲೆ ಎತ್ತಿ ನೋಡಲಾಗಲಿಲ್ಲ.

ಮರುದಿನ ಟ್ರ್ಯಾಕ್ಟರ್ ತುಂಬ ಮೇವು ಹೇರಿಕೊಂಡು ಅವಳ ಅಂಗಳಕ್ಕೆ ಹೋದೆ. “ತಪ್ಪಾತು ಶೋಭಕ್ಕಾ. ಮಳಿಗಾಲ ಬರೂತನಕ ನಿನ್ನ ಎಮ್ಮಿ ಮೇವು ನಂದ” ಎಂದೆ. ಅವಳು ಮೇವು ಇಳಿಸಿಕೊಂಡು, ಒಂದು ಕಟ್ಟು ಬಿಚ್ಚಿ ಎಮ್ಮೆಗಳ ಮುಂದೆ ಹಾಕಿ ಬಂದಳು.

“ಮೇವು ತಂದ್ರಿ, ಚಲೋ ಆತ್ರಿ ಅಣ್ಣಾರ. ಖರೆ, ಅಷ್ಟ ಮಂದಿ ಮುಂದ ನನ್ನ ಹುಚ್ಚಿ ಮಾಡಿದ್ರಿ. ತಪ್ಪಾತು ಅನ್ನಾಕ ಮಾತ್ರ ಒಬ್ಬರ ಯಾಕ ಬಂದೀರಿ?”