ಎರಡು ಪಾಳಿಯ ಉತ್ತರಪತ್ರಿಕೆ

ಹತ್ತನೆಯ ತರಗತಿಯ ಮಕ್ಕಳು ಮುಂದೆ ಏನಾಗಬೇಕು ಎಂದು ಹೇಳುವುದು ನನ್ನ ಉದ್ಯೋಗ. ನಾನು ಛತ್ರಿಯನ್ನು ಎಲ್ಲಿ ಬಿಟ್ಟುಬಂದೆ ಎಂದು ಹೇಳುವುದು ನನ್ನ ಹೆಂಡತಿಯ ಉದ್ಯೋಗ. ಇಬ್ಬರಲ್ಲಿ ಯಾರ ಮಾತು ಹೆಚ್ಚು ಸಲ ನಿಜವಾಗಿದೆ ಎಂಬ ಚರ್ಚೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಛತ್ರಿ ಪ್ರತಿ ಸಲವೂ ಅವಳು ಹೇಳಿದಲ್ಲೇ ಸಿಗುತ್ತದೆ.

ಕೊಲ್ಹಾಪುರದಲ್ಲಿ ಮನಃಶಾಸ್ತ್ರ ಓದಿದವನು ನಾನು. ಓದಿನಿಂದ ಆದ ಮುಖ್ಯ ಲಾಭವೆಂದರೆ ಯಾವುದನ್ನೂ ನಂಬದಿರುವ ಅಭ್ಯಾಸ. ನೆನಪನ್ನಂತೂ ಮೊದಲೇ ನಂಬಬಾರದೆಂದು ನಮಗೆ ಪಾಠವಾಗಿತ್ತು. ಹಳೆಯದನ್ನು ಪ್ರತಿ ಸಲ ನೆನೆಯುವಾಗಲೂ ಅದಕ್ಕೆ ಒಂದಿಷ್ಟು ಹೊಸ ಸುಣ್ಣ ಬಳಿಯುತ್ತೇವಂತೆ. ಇದಕ್ಕೆ ನಾನೇ ಉದಾಹರಣೆ. ನಾನೀಗ ಮಕ್ಕಳಿಗೆ ಕೊಡುವಂಥ ಅಭಿರುಚಿ ಪರೀಕ್ಷೆ ನಮ್ಮೂರು ನೇಸರಿಯ ಶಾಲೆಯಲ್ಲಿ ನನಗೂ ಆಗಿತ್ತು, ಅದರಲ್ಲಿ 'ವಿದ್ವಾಂಸನಾಗುವ ಲಕ್ಷಣ' ಎಂದು ಬಂದಿತ್ತು ಎಂದು ಎಷ್ಟೋ ಕಡೆ ಭಾಷಣದಲ್ಲಿ ಹೇಳಿದ್ದೇನೆ. ಒಮ್ಮೆ ಊರಲ್ಲಿ ಅದನ್ನೇ ಹೇಳಿದಾಗ ಅಣ್ಣ ಉಣ್ಣುವುದನ್ನು ನಿಲ್ಲಿಸಿ ನಕ್ಕ.

"ಯಾವ ಪರೀಕ್ಷಾನೋ ಮಾರಾಯಾ? ನಮ್ಮ ಊರಿಗೆ ಅಂಥಾದ್ದೇನೂ ಬಂದ ಇಲ್ಲ. ಇವನ ಕೈಯಾಗ ಕುಡಗೋಲ ಕೊಟ್ರ ಕಬ್ಬ ಬಿಟ್ಟ ಕಾಲ ಕಡ್ಕೋತಾನ ಅಂತ ಅಪ್ಪ ನಿನ್ನ ಕಾಲೇಜಿಗೆ ಹಾಕ್ಯಾನ."

ಅಪ್ಪ ಮಾಡಿದ ಆ ಪರೀಕ್ಷೆಗೆ ಪೆನ್ಸಿಲ್ ಬೇಕಾಗಿರಲಿಲ್ಲ.

ನಮ್ಮ ಪರೀಕ್ಷೆಗೆ ಬೇಕು. ಮೂರೂವರೆ ತಾಸಿನ ಪರೀಕ್ಷೆ ಅದು. ಊಟಕ್ಕೆ ಮುಂಚೆ ಸಾಮರ್ಥ್ಯದ ಭಾಗ: ಲೆಕ್ಕ, ಆಕೃತಿ, ತರ್ಕ. ಊಟದ ನಂತರ ಅಭಿರುಚಿಯ ಭಾಗ. 'ರೋಗಿಗಳ ಆರೈಕೆ ಮಾಡುವುದು', 'ಯಂತ್ರ ಬಿಚ್ಚಿ ಜೋಡಿಸುವುದು' ಎಂಬಂಥ ನೂರೆಂಟು ಸಾಲುಗಳು, ಪ್ರತಿಯೊಂದರ ಮುಂದೆ ಮೂರು ಸೊನ್ನೆಗಳು: ಇಷ್ಟ, ಇಷ್ಟವಿಲ್ಲ, ಹೇಳಲಾರೆ. ಮಕ್ಕಳಿಗೆ ಮೂರನೆಯದನ್ನು ಆದಷ್ಟು ಮುಟ್ಟಬೇಡಿ ಎಂದು ತಾಕೀತು ಮಾಡುತ್ತೇವೆ. ತಾಕೀತು ಮಾಡುವ ನನ್ನ ಮುಂದೆ ಯಾರಾದರೂ ಆ ಹಾಳೆ ಇಟ್ಟರೆ ಎಲ್ಲ ಕಡೆ ಮೂರನೆಯ ಸೊನ್ನೆಯೊಂದೇ ಕಪ್ಪಾಗುತ್ತದೆ. ಇದು ನಿಮ್ಮಲ್ಲೇ ಇರಲಿ.

ಏಳೋ ಎಂಟೋ ವರ್ಷದ ಹಿಂದೆ ಇಚಲಕರಂಜಿಯಲ್ಲಿ ನಾಲ್ಕು ಶಾಲೆಗಳ ಮಕ್ಕಳನ್ನು ಒಂದು ದೊಡ್ಡ ಹಾಲ್‌ನಲ್ಲಿ ಕೂರಿಸಿ ಪರೀಕ್ಷೆ ನಡೆಸಿದೆ. ಮುಖಗಳ ಪರಿಚಯ ನನಗಿರಲಿಲ್ಲ. ಬೆಳಿಗ್ಗೆ ಹಾಜರಿ ಕರೆದಾಗ ಊರಿಗೆ ಅಂಟಿಕೊಂಡ ಶಹಾಪುರದ ಅಕ್ಕತಂಗಿಯರಲ್ಲಿ ರೇಣುಕಾ ಇದ್ದಳು, ಸಾವಿತ್ರಿ ಗೈರು. ರೇಣುಕಾ ದೊಡ್ಡವಳು, ಮನೆಗೆಲಸಕ್ಕಾಗಿ ಒಂದು ವರ್ಷ ಶಾಲೆ ಬಿಟ್ಟಿದ್ದರಿಂದ ತಂಗಿಯ ತರಗತಿಯಲ್ಲೇ ಇದ್ದಳು. ಅವರಪ್ಪ ಮಗ್ಗದ ಶೆಡ್ಡಿನಲ್ಲಿ ನೇಯುತ್ತಿದ್ದ. ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವ ಮಷೀನು ಮನೆಯಲ್ಲಿತ್ತು. ಅದರ ಮುಂದೆ ಹೆಣ್ಣುಮಕ್ಕಳಲ್ಲಿ ಯಾರಾದರೊಬ್ಬರು ಸದಾ ಕೂತಿರಬೇಕು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ರೇಣುಕಾಳ ಹಾಳೆಯ ಮೊದಲರ್ಧದ ಸೊನ್ನೆಗಳು ಒತ್ತಿ ಒತ್ತಿ ತುಂಬಿದ್ದವು, ಉಳಿದರ್ಧದವು ತೆಳುವಾಗಿ, ಮುಟ್ಟಿದರೆ ಅಳಿಸುವಂತೆ. ಮಗು ದಣಿದಿರಬೇಕು ಅಂದುಕೊಂಡೆ. ಅಥವಾ ಆಗ ನಾನು ಇದನ್ನು ನೋಡಲೇ ಇಲ್ಲ, ಎಲ್ಲ ಗೊತ್ತಾದ ಮೇಲೆ ನೆನಪು ಈ ಪೆನ್ಸಿಲ್ ಗುರುತುಗಳನ್ನು ಬರೆದುಕೊಂಡಿತೋ ಏನೋ.

ವರದಿ ಕೊಡುವ ದಿನ ಅವರಪ್ಪ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದ. ಅಂಗಿಯ ತೋಳಿನ ಮೇಲೆ ಹತ್ತಿಯ ಎಳೆಗಳು, ಮಾತಿನ ನಡುವೆ ಕೆಮ್ಮು.

"ಸರ್, ಒಬ್ಬಾಕಿನ ಮುಂದ ಕಳಸ್ತೇನ್ರಿ. ಇನ್ನೊಬ್ಬಾಕಿ ಮಷೀನಿಗೆ ಬೇಕಾಗ್ತಾಳ. ಯಾರನ್ನ ಕಳಸೂದು ಅಂತ ನನಗ ತಿಳಿವಲ್ದು. ನಿಮ್ಮ ಕಾಗದ ಹೆಂಗ ಹೇಳ್ತೈತಿ ಹಂಗ."

ಕಾಗದ ಸ್ಪಷ್ಟವಾಗಿ ಹೇಳುತ್ತಿತ್ತು. ಲೆಕ್ಕ ಚುರುಕು, ತಾಳ್ಮೆ ಹೆಚ್ಚು, ರೋಗಿಗಳ ಆರೈಕೆಯಲ್ಲಿ ಅಪಾರ ಆಸಕ್ತಿ. ವಿಜ್ಞಾನ ತೆಗೆದುಕೊಂಡು ನರ್ಸಿಂಗ್‌ಗೆ ಹೋಗಲಿ ಎಂದು ಓದಿದೆ. ರೇಣುಕಾ ನೆಲ ನೋಡುತ್ತಿದ್ದಳು. ಸಾವಿತ್ರಿಯನ್ನು ನೋಡಿ, "ನೀನ್ಯಾಕವ್ವಾ ಬರಲಿಲ್ಲ ಪರೀಕ್ಷೆಗೆ?" ಎಂದೆ.

"ನಂದೂ ಅದರಾಗನ ಐತ್ರಿ," ಅಂದಳು ಅವಳು.

ನಾನು ನಕ್ಕೆ. ಅಕ್ಕನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಅಪ್ಪನಿಗೆ ಹೇಳಿದೆ. ಅವನೂ ನಕ್ಕ, ಕೆಮ್ಮಿದ. ರೇಣುಕಾ ಕೊಲ್ಹಾಪುರದ ಹಾಸ್ಟೆಲಿಗೆ ಹೋದಳು.

ಹೀಗೆ ನಡೆಯಿತೆಂದು ನನ್ನ ನೆನಪು. ಆದರೆ ಸಾವಿತ್ರಿಯ ಆ ಒಂದು ಮಾತು ನಿಜವಾಗಿ ಬಂದದ್ದೇ, ಇಲ್ಲ ಈಚೆಗೆ ನಾನು ಸೇರಿಸಿದ್ದೇ? ಈ ಪ್ರಶ್ನೆ ಹುಟ್ಟಿದ್ದು ಹೋದ ವರ್ಷ, ನಮ್ಮಪ್ಪನ ಭವಿಷ್ಯವಾಣಿ ನಿಜವಾದ ದಿನ. ಅಣ್ಣನ ಹೊಲದಲ್ಲಿ ದೊಡ್ಡಸ್ತಿಕೆಗೆ ಕುಡಗೋಲು ಹಿಡಿದೆ. ಕಾಲು ಕಡಿದುಕೊಂಡೆ. ಅಣ್ಣ ಬಾಯಲ್ಲಿ ಏನೂ ಅನ್ನದೆ, ಮುಖದ ತುಂಬ ಅನ್ನುತ್ತ, ಗಡಹಿಂಗ್ಲಜದ ಆಸ್ಪತ್ರೆಗೆ ಕರೆದೊಯ್ದ.

ಸೂಜಿ ಚುಚ್ಚಲು ಬಂದ ನರ್ಸಮ್ಮ ನನ್ನನ್ನು ದಿಟ್ಟಿಸಿದಳು. "ಸರ್, ಶಹಾಪುರದ ರೇಣುಕಾ ರೀ. ಸೊನ್ನೆ ತುಂಬಸ್ತಿದ್ರಲ್ಲ ನೀವು?"

ನನಗೆ ಹೆಮ್ಮೆಯಾಯಿತು. ನೋಡು, ನಮ್ಮ ಕಾಗದ ಸುಳ್ಳು ಹೇಳಲಿಲ್ಲ ಎಂದೆ. ಅವಳು ಸೂಜಿಯನ್ನು ಬೆಳಕಿಗೆ ಹಿಡಿದಳು.

"ನನಗ ಈಗೂ ರಕ್ತ ಕಂಡ್ರ ಒಂದ ಗಳಿಗಿ ಕಣ್ಣ ಮುಚ್ಚಬೇಕನಸ್ತೈತ್ರಿ. ಸೀರಿ ಅಂಚಿನ ಡಿಸೈನ್ ಬರಿಯೂದಂದ್ರ ನನಗ ಜೀವ. ಆರೈಕಿ ಗೀರೈಕಿ ಎಲ್ಲಾ ಸಾವಿತ್ರಿ ಬರದದ್ದು."

"ಅಂದ್ರೆ?"

"ಮುಂಜಾನಿ ನಾ ಕುಂತಿದ್ನಿ. ಮಧ್ಯಾಹ್ನ ನನ್ನ ಪಾಳಿ ಇತ್ತು, ಕಂಡಿಕಿ ಸುತ್ತಾಕ ಹೋದ್ನಿ. ಆಕಿ ಬಂದು ಅದ ಜಾಗಾದಾಗ ಕುಂತು ಉಳಿದದ್ದ ಮುಗಿಸಿದಳ್ರಿ. ಪಾಳಿ ಬದಲಾತಂತ ಮಗ್ಗ ನಿಲ್ಲಸ್ತಾರೇನ್ರಿ ಸರ್?"

ಮಗ್ಗದವರ ಮನೆಯಲ್ಲಿ ಅದು ಮೋಸವಲ್ಲ. ಒಬ್ಬ ಇಳಿದರೆ ಇನ್ನೊಬ್ಬ ಹತ್ತುತ್ತಾನೆ, ಬಟ್ಟೆ ಒಂದೇ ಆಗಿ ಬರುತ್ತದೆ. ಯಾವ ಗಜ ಯಾರದೆಂದು ಬಟ್ಟೆಯನ್ನು ಯಾರೂ ಕೇಳುವುದಿಲ್ಲ. ನಾನು ಅರ್ಧ ಅಕ್ಕ, ಅರ್ಧ ತಂಗಿ ಸೇರಿದ, ಎಲ್ಲಿಯೂ ಇಲ್ಲದ ಒಂದು ಹುಡುಗಿಗೆ ದಾರಿ ತೋರಿಸಿದ್ದೆ. ಆ ದಾರಿಯಲ್ಲಿ ನಿಜವಾಗಿ ಇರುವ ಹುಡುಗಿಯೊಬ್ಬಳನ್ನು ನಡೆಸಿದ್ದೆ.

"ಅಪ್ಪ ಹ್ಯಾಂಗಿದ್ದಾನೆ?" ಎಂದು ಕೇಳಿದೆ.

"ತೀರಕೊಂಡ್ರಿ, ದೀಪಾವಳಿ ಮುಂದ. ಎದಿಯಾಗ ಹತ್ತಿ ಕುಂತಿತ್ತು. ಎರಡ ವರ್ಷ ಸಾವಿತ್ರಿ ಅಪ್ಪನ್ನ ನೋಡ್ಕೊಂಡಳು. ನಾ ನರ್ಸ್ ಅದೇನಲ್ರಿ, ನನಗ ರಜಾ ಸಿಗಲಿಲ್ಲ."

ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ಅವಳ ಕೈ ನಿಜಕ್ಕೂ ಹಗುರ. ಕಲಿತ ಕೈ.

ಕಾಲು ವಾಸಿಯಾದ ಮೇಲೆ ಶಹಾಪುರಕ್ಕೆ ಹೋದೆ. ಹೋಗುವಾಗ ಮನಸ್ಸಿನಲ್ಲಿದ್ದ ಆಸೆ ನಾಚಿಕೆಗೇಡಿನದು: 'ನಂದೂ ಅದರಾಗನ ಐತಿ' ಎಂಬ ಮಾತು ನನ್ನ ಕಲ್ಪನೆಯೇ ಆಗಿರಲಿ. ನನಗೆ ಯಾರೂ ಹೇಳಿರಲಿಲ್ಲ ಎಂದಾದರೆ ನಾನು ಬರೀ ತಪ್ಪಿದವನು. ಹೇಳಿದ್ದನ್ನು ಕೇಳಿಯೂ ನಕ್ಕಿದ್ದರೆ ಬೇರೆ ಮಾತು.

ಸಾವಿತ್ರಿ ಮಷೀನಿನ ಮುಂದಿದ್ದಳು. ಪಕ್ಕದ ಮನೆಯ ಮುದುಕಿಯೊಬ್ಬಳು ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಗಷ್ಟೇ ಏಳುತ್ತಿದ್ದಳು. ಓಣಿಯವರೆಲ್ಲ ಇವಳ ಹತ್ತಿರವೇ ಬರುತ್ತಾರಂತೆ. ಮಷೀನು ನಿಲ್ಲಿಸಿ ಚಹಾ ಮಾಡಿ ತಂದಳು. ನಾನು ಸುತ್ತಿ ಬಳಸಿ, ಕೊನೆಗೆ ಕೇಳಿದೆ. ಆ ದಿನ ನೀನು ಹಾಗೆ ಅಂದಿದ್ದೆಯಾ?

"ಅಂದಿದ್ನಿರಿ," ಎಂದಳು. "ನೀವು ನಕ್ಕ್ರಿ. ಅಪ್ಪಾನೂ ನಕ್ಕ. ಹಂಗಾರ ಅದು ನಗೂ ಮಾತ ಇರಬೇಕು ಅಂತ ನಾನೂ ನಕ್ಕೆ."

ಬೇಕಿದ್ದರೆ ಈಗ ಪೂರ್ತಿ ಪರೀಕ್ಷೆ ನಿನ್ನೊಬ್ಬಳಿಂದಲೇ ಬರೆಸುತ್ತೇನೆ, ನರ್ಸಿಂಗ್‌ಗೆ ಇನ್ನೂ ವಯಸ್ಸಿದೆ ಎಂದೆ. ಅವಳು ಸುತ್ತಿಟ್ಟ ಕಂಡಿಕೆಗಳನ್ನು ಬುಟ್ಟಿಗೆ ಹಾಕತೊಡಗಿದಳು. "ನಾ ಅಲ್ಲಿ ಕುಂತ್ರ ಇಲ್ಲಿ ಯಾರ ಕುಂಡ್ರಬೇಕ್ರಿ?"

ಈಗ ಪ್ರತಿ ಶಾಲೆಯಲ್ಲೂ ಹಾಳೆ ಹಂಚುವ ಮೊದಲು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ: ನೀವು ಇಲ್ಲಿ ಕೂತಿರುವಾಗ ಮನೆಯಲ್ಲಿ ನಿಮ್ಮ ಕೆಲಸ ಯಾರು ಮಾಡುತ್ತಿದ್ದಾರೆ? ಪುಸ್ತಿಕೆಯಲ್ಲಿಲ್ಲದ ಪ್ರಶ್ನೆಗೆ ಅಂಕ ಕೊಡುವುದು ಹೇಗೆ ಎಂದು ನಮ್ಮ ಮಾರ್ಗದರ್ಶನ ಕೇಂದ್ರದವರು ಕೇಳುತ್ತಾರೆ. ನನಗೂ ಗೊತ್ತಿಲ್ಲ. ಕೈಗಳು ಮಾತ್ರ ಏಳುತ್ತಲೇ ಇರುತ್ತವೆ.

ಅವತ್ತು ಶಹಾಪುರದ ಓಣಿ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ಸಾವಿತ್ರಿ ಓಡಿಬರುತ್ತಿದ್ದಳು.

"ಸರ್, ಛತ್ರಿ ಬಿಟ್ಟ ಹೊಂಟೀರಲ್ರಿ!"

ಜೀವಮಾನದಲ್ಲಿ ಒಂದೇ ಒಂದು ಸಲ, ಇವಳ ಆ ಮಾತಿನ ವಿಷಯದಲ್ಲಿ, ನನ್ನ ನೆನಪು ಸರಿಯಾಗಿತ್ತು. ಅದು ತಪ್ಪಾಗಿರಬಾರದಿತ್ತೇ ಎಂದು ಛತ್ರಿ ಈಸಿಕೊಂಡು ನಡೆದೆ.