ನೆರಳಲ್ಲಿ ನಡೆದ ತಪಾಸಣೆ

ನಮ್ಮ ಭದ್ರಾವತಿಯ ಮನೆ ಮುಂದೆ ಇವತ್ತು ಬೆಳಿಗ್ಗೆಯಿಂದ ಚರಂಡಿಗೆ ಅಗೆಯುತ್ತಿದ್ದಾರೆ. ಹಸಿ ಮಣ್ಣಿನ ವಾಸನೆ ಅಡುಗೆಮನೆಯವರೆಗೂ ಬಂದಿದೆ. ಈ ವಾಸನೆಗೆ ಕೆಲವರಿಗೆ ಕವಿತೆ ಬರುತ್ತದಂತೆ. ನನಗೆ ಬರುವುದು ಒಬ್ಬ ರಸ್ತೆ ಎಂಜಿನಿಯರರ ನೆನಪು, ಜೊತೆಗೆ ಸ್ವಲ್ಪ ಸಿಟ್ಟು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಶಿವಮೊಗ್ಗದ ರಸ್ತೆಯನ್ನು ಅಗಲ ಮಾಡುತ್ತಿದ್ದರು. ರಸ್ತೆ ಬದಿಯ ಹೊಂಗೆಮರದ ಕೆಳಗೆ ನನ್ನದೊಂದು ಟೀ ಅಂಗಡಿ. ಅಂಗಡಿ ಅಂದರೆ ಇನ್ನೇನು, ಒಂದು ಸೀಮೆಎಣ್ಣೆ ಸ್ಟೋವು, ಬಾಣಲೆ, ಬೆಂಚು. ಕಾಮಗಾರಿ ನೋಡಲು ಬರುವ ಜೀಪು ನಿಲ್ಲುತ್ತಿದ್ದುದು ಅಲ್ಲೇ. ಮೆಣಸಿನಕಾಯಿ ಬಜ್ಜಿ ಬೇಯುವಷ್ಟು ಹೊತ್ತು ಎಂಜಿನಿಯರ್ ಸಾಹೇಬರು ನನ್ನ ಅಂಗಡಿ ಮುಂದಿನ ರಸ್ತೆಗೆ ಟೇಪು ಹಿಡಿಸುವರು, ಜಲ್ಲಿ ಕೆದಕಿಸುವರು, ಬೂಟುಗಾಲಲ್ಲಿ ಒದ್ದು ನೋಡುವರು. ಬಜ್ಜಿ ತಿಂದು ಹೊರಡುವರು. ಅಷ್ಟು ಪರೀಕ್ಷೆ ಬರೆದ ರಸ್ತೆ ಇಡೀ ಜಿಲ್ಲೆಯಲ್ಲಿ ಇನ್ನೊಂದಿರಲಿಕ್ಕಿಲ್ಲ. ನಾನು ಶಾಲೆಗೆ ಹೋದ ಮೂರು ವರ್ಷದಲ್ಲೂ ಅಷ್ಟು ಬರೆದಿಲ್ಲ.

ಅಲ್ಲಿಂದ ಕೂಗಳತೆ ದೂರದ ತಗ್ಗಿನಲ್ಲಿ ಮೋರಿ ಕಟ್ಟಲು ಆಳವಾಗಿ ಅಗೆದಿದ್ದರು. ನೆರಳಿಲ್ಲ, ಕಾಲಿಟ್ಟರೆ ಕೆಸರು. ಆ ಗುಂಡಿಯೊಳಗೆ ಕಲ್ಲು ಹೊರುವವರಲ್ಲಿ ನನ್ನ ಸೊಸೆ ಸರೋಜಳೂ ಒಬ್ಬಳು. ಒಂದು ಸಂಜೆ ತಲೆತುಂಬ ಮಣ್ಣು ಮಾಡಿಕೊಂಡು ಬಂದಳು.

"ಇದೇನೇ ಮಾರಾಯ್ತಿ?"

"ಗುಂಡಿ ಪಕ್ಕದ ಮಣ್ಣು ಕುಸೀತು ಅತ್ತೆ. ಒಂದು ಮಾರು ಆಚೆ ಇದ್ದಿದ್ರೆ ನಾನು ಇರ್ತಿರ್ಲಿಲ್ಲ. ಮೇಸ್ತ್ರಿಗೆ ಹೇಳಿದ್ರೆ, ಹೆದ್ರಿಕೆ ಆದ್ರೆ ಮನೇಲಿರು ಅಂತಾನೆ."

ಸೊಸೆಯ ಮೇಲೆ ನನಗೆ ಪ್ರೀತಿ ಉಕ್ಕಿತು ಎಂದು ನೀವು ತಿಳಿಯಬೇಡಿ. ಅವಳು ಮಾಡುವ ಸಾರು ನೀರು, ಆಡುವ ಮಾತು ಖಾರ. ಆದರೂ ಮಣ್ಣಿನಡಿ ಹೋಗುವಂಥ ತಪ್ಪೇನೂ ಮಾಡಿರಲಿಲ್ಲ. ಮರುದಿನ ಬಜ್ಜಿ ಕೊಡುವಾಗ ಸಾಹೇಬರಿಗೆ ಹೇಳಿದೆ.

"ಆ ಮೋರಿ ಗುಂಡಿ ಒಂಚೂರು ನೋಡಿ ಸ್ವಾಮಿ. ಮಣ್ಣು ಜನದ ಮೇಲೆ ಬೀಳ್ತಾ ಇದೆ."

"ನೋಡೋಣಮ್ಮ. ಅಪಾಯ ಜಾಸ್ತಿ ಇರೋ ಕಡೆ ಮೊದ್ಲು ನೋಡ್ಬೇಕು ಅಂತ ನಮಗೆ ಆರ್ಡರ್ ಇದೆ."

"ಮತ್ತೆ ಇಲ್ಲೇನು ಅಪಾಯ? ನನ್ ಬಜ್ಜಿನಾ?"

"ಮೊನ್ನೆ ಇಲ್ಲೇ ದೊಡ್ಡ ಸಾಹೇಬ್ರ ಕಾರು ಎತ್ತಾಕಿ ಅವ್ರ ಸೊಂಟ ಹಿಡ್ಕೊಂಡ್ತು. ಅದಕ್ಕಿಂತ ಅಪಾಯ ಬೇಕಾ?" ಎಂದು ಅವರು ಇನ್ನೊಂದು ಪ್ಲೇಟು ಕೇಳಿದರು.

ಸರ್ಕಾರಿ ಅಪಾಯ ಏನೆಂದು ಆಗ ನನಗೆ ಅರ್ಥವಾಯಿತು. ಕೆಳಗಿರುವವರ ತಲೆಗೆ ಬಂದರೆ ಅದು ಲೆಕ್ಕಕ್ಕಿಲ್ಲ. ಮೇಲಿರುವವರ ಸೊಂಟಕ್ಕೆ ಬರಬೇಕು.

ಮಾರನೆಯ ಬೆಳಿಗ್ಗೆ ಸ್ಟೋವು, ಬಾಣಲೆ, ಬೆಂಚು ಎಲ್ಲ ಹೊತ್ತು ಮೋರಿಯ ಹತ್ತಿರ ಅಂಗಡಿ ಹೂಡಿದೆ. ಜೀಪು ಬಂದು ಮರದ ಕೆಳಗೆ ನಿಂತಿತು, ಹಾರ್ನ್ ಹೊಡೆಯಿತು, ಕೊನೆಗೆ ಬಜ್ಜಿಯ ವಾಸನೆ ಹಿಡಿದು ತಗ್ಗಿಗೆ ಇಳಿಯಿತು. ಸಾಹೇಬರು ಪ್ಲೇಟು ಹಿಡಿದು ಗುಂಡಿಯ ಅಂಚಿಗೆ ಹೋಗಿ ನಿಂತರು. ಬೂಟಿನಡಿಯ ಮಣ್ಣು ಪುಸಕ್ಕನೆ ಜಾರಿತು. ಅವರು ಹಿಂದಕ್ಕೆ ಹಾರಿದ್ದನ್ನು ನೀವು ನೋಡಬೇಕಿತ್ತು. ಬಜ್ಜಿಯನ್ನು ಮಾತ್ರ ಬಿಡಲಿಲ್ಲ.

"ಏಯ್ ಮೇಸ್ತ್ರಿ! ಯಾರ ಜೀವ ತೆಗೀಬೇಕು ಅಂತಿದೀಯೋ? ಎಲ್ರನ್ನೂ ಮೇಲೆ ಹತ್ಸು!"

ಅಷ್ಟು ಜನ ಕೆಳಗಿದ್ದಾಗ ಕಾಣದಿದ್ದ ಅಪಾಯ, ಒಂದು ಬೂಟು ಜಾರಿದ ಕೂಡಲೇ ಕಂಡಿತು. ಗುಂಡಿಯ ಬದಿಗೆ ಹಲಗೆ ಹಾಕಿ ಮರದ ಆಸರೆ ಕೊಡುವವರೆಗೂ ಕೆಲಸ ನಿಂತಿತು.

ಸರೋಜ ಖುಷಿಪಟ್ಟಳೆಂದುಕೊಂಡಿರಾ? "ಕೂಲಿ ಹೋಯ್ತಲ್ಲ! ಅಂಗಡಿ ಎತ್ತೋಕೆ ನಿಮಗ್ಯಾರು ಹೇಳಿದ್ದು ಅತ್ತೆ?"

"ತಲೆ ಉಳೀತಲ್ಲ, ಪಾತ್ರೆ ತೊಳಿ ಹೋಗು."

ಆ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಅವಳಿಗೆ ಆ ಸಿಟ್ಟು ಇನ್ನೂ ಹೋಗಿಲ್ಲವೆಂದೇ ನಾನು ತಿಳಿದಿದ್ದೆ.

ಈಗ, ಇದನ್ನು ಬರೆಯುತ್ತಿರುವಾಗಲೇ, ಚರಂಡಿ ನೋಡಲು ಹೊಸ ಎಂಜಿನಿಯರ್ ಒಬ್ಬ ಬಂದ. ಗುಂಡಿಯೊಳಗಿನ ಆಳುಗಳ ತಲೆ ಕೂಡ ಮೇಲೆ ಕಾಣುತ್ತಿರಲಿಲ್ಲ. ಅವನು ಅತ್ತ ತಿರುಗದೆ ನೇರ ನಮ್ಮ ಜಗಲಿಯ ನೆರಳಿಗೆ ಬಂದು, ಕೂರಲು ಏನಾದರೂ ಇದೆಯಾ ಎಂದ. ನಾನು ಬಾಯಿ ತೆರೆಯುವ ಮೊದಲೇ ಸರೋಜ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದಳು. ಜಗಲಿ ಇಳಿದಳು. ಉರಿಬಿಸಿಲಲ್ಲಿ, ಗುಂಡಿಯ ಅಂಚಿಗೇ ಅದನ್ನು ಹಾಕಿದಳು.

"ಇಲ್ಲೇ ಕೂತ್ಕೊಳ್ಳಿ ಸಾರ್. ಕಾಫಿ ಇಲ್ಲಿಗೇ ತರ್ತೀನಿ."

ಅವನು ಕುರ್ಚಿ ನೋಡಿದ, ಅದರ ಕಾಲಿನಡಿಯ ಮಣ್ಣು ನೋಡಿದ. ಕೂರಲಿಲ್ಲ. ಆಳುಗಳನ್ನು ಮೇಲೆ ಬರಲು ಕೂಗಿದ.

ಇಷ್ಟು ವರ್ಷದಲ್ಲಿ ಸೊಸೆ ಮಾಡಿದ ಕೆಲಸವೊಂದರಲ್ಲಿ ನನಗೆ ಹುಳುಕು ಸಿಗದೇ ಹೋದದ್ದು ಇದೇ ಮೊದಲು. ಅವಳಿಗೆ ಹೇಳಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾಳೆ.